ಕರುಣಮ್ಮನ ಮಣ್ಣಿಗೆ ಹಲಗಿ

ಶಹಾಪುರದ ಬಸ್ ನಿಲ್ದಾಣದ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಪ್ರಭುದಾಸನ ಮುಖ ಕಟ್ಟಕಡೆಯ ಸಾಲಿನಲ್ಲಿತ್ತು. ಮೇಲೆ ದೊಡ್ಡವರು ಕೈಮುಗಿದು ನಿಂತಿದ್ದರು, ನಡುವೆ ಅವರ ಬೆನ್ನಿಗಿರುವವರು, ಕೆಳಗೆ ಅಂಗೈಯಗಲದ ದುಂಡು ಚೌಕಟ್ಟುಗಳಲ್ಲಿ ಉಳಿದವರು. ಆ ಉಳಿದವರಲ್ಲೂ ಇವನು ಮೂಲೆಯವನು. ಆದರೂ ಬೆಳಿಗ್ಗೆಯಿಂದ ಎರಡು ಸಲ ಗಾಡಿ ನಿಲ್ಲಿಸಿ ತನ್ನ ಮುಖ ತಾನೇ ನೋಡಿಕೊಂಡು ಬಂದಿದ್ದ. ಮನುಷ್ಯನಿಗೆ ಮಾನದ ಹಸಿವು ಹತ್ತಿತೆಂದರೆ ಅನ್ನದ ಹಸಿವು ಅದರ ಮುಂದೆ ಏನೂ ಅಲ್ಲ.

ಗಂಜಿನ, ಅಂದರೆ ಹತ್ತಿ ಮಾರುಕಟ್ಟೆಯ, ಹಿಂದಿನ ರಸ್ತೆಯಲ್ಲಿ ಅವನದು ಶಾಮಿಯಾನ ಮತ್ತು ಮೈಕ್ ಸೆಟ್ಟಿನ ಅಂಗಡಿ. ಬೋರ್ಡಿನ ಮೇಲೆ ‘ಪ್ರಭು ಶಾಮಿಯಾನ’ ಎಂದಷ್ಟೇ ಬರೆಸಿದ್ದ. ಪೂರ್ತಿ ಹೆಸರು ಬರೆಸಿದರೆ ಗಿರಾಕಿಗಳು ಯಾವ ಕೇರಿ, ಯಾವ ಚರ್ಚು ಎಂದು ಕೆದಕುತ್ತಾರೆಂಬ ಅಂಜಿಕೆ. ಅವನ ಅಪ್ಪ ಸುರಪುರದ ಕಡೆಯ ಹಳ್ಳಿಯೊಂದರಲ್ಲಿ ಊರ ಹೆಣಗಳ ಮುಂದೆ ಹಲಗಿ ಬಾರಿಸುತ್ತಿದ್ದವನು. ದೊಡ್ಡವರ ಮನೆಯಲ್ಲಿ ಸಾವಾಗಿ ಕರೆ ಬಂತೆಂದರೆ ಉಣ್ಣುವ ತಾಟು ಬಿಟ್ಟು ಏಳಬೇಕು, ಬರಿಗಾಲಲ್ಲಿ ನಡೆಯಬೇಕು, ಒಲ್ಲೆ ಎನ್ನುವಂತಿರಲಿಲ್ಲ. ಅಪ್ಪನ ಪಕ್ಕದಲ್ಲಿ ಪ್ರಭುದಾಸನೂ ಬಾರಿಸಿ ಬೆಳೆದವನೇ. ಅಪ್ಪ ತೀರಿಕೊಂಡ ಮೇಲೆ ಶಹಾಪುರಕ್ಕೆ ಬಂದು, ಇನ್ನು ಹಲಗಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಆ ಆಣೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಶುರುವಾದದ್ದು ಆಮೇಲೆ. ಅಪ್ಪನನ್ನು ಬರಿಗಾಲಲ್ಲಿ ನಡೆಸಿದಂಥ ಮಂದಿಯ ಕೈಯಿಂದಲೇ ತನ್ನ ಹೆಗಲ ಮೇಲೆ ಒಂದು ಶಾಲು ಬೀಳಬೇಕು, ಆಗಲೇ ತಾನು ಮನುಷ್ಯನಾದಂತೆ ಎಂಬ ಹುಚ್ಚು ಅವನ ತಲೆಗೇರಿತು.

ಆ ಶಾಲು ಇವತ್ತು ಸಂಜೆ ವರ್ತಕರ ಬಳಗದ ಸನ್ಮಾನ ಸಮಾರಂಭದಲ್ಲಿ ಬೀಳುವುದಿತ್ತು, ಆ ಫ್ಲೆಕ್ಸು ಅದರದೇ. ಹತ್ತಿಯ ವ್ಯಾಪಾರಿ ಶಾಂತಪ್ಪ ಆ ಬಳಗದ ಅಧ್ಯಕ್ಷ. ಬಳಗದ ಯಾವ ಕಾರ್ಯಕ್ರಮವಿದ್ದರೂ ಪ್ರಭುದಾಸನ ಶಾಮಿಯಾನ ಪುಕ್ಕಟೆಯಾಗಿ ಹೋಗುತ್ತಿತ್ತು. ಶಾಂತಪ್ಪನ ಅಂಗಡಿಗೆ ಹೋದರೆ ಉಳಿದವರಿಗೆ ಸ್ಟೀಲಿನ ಲೋಟದಲ್ಲಿ ಚಹಾ, ಇವನಿಗೆ ಕಾಗದದ ಕಪ್ಪು. ಯಾಕೆ ಎಂದು ಇವನು ಕೇಳಿದವನಲ್ಲ, ಅವರು ಹೇಳಿದವರೂ ಅಲ್ಲ.

“ಸಂಜಿಗಿ ಬಿಳಿ ಅಂಗಿ ಹಾಕ್ಕೊಂಡು ಬರ್ರಿ, ಪ್ರಭಣ್ಣ,” ಎಂದ ಶಾಂತಪ್ಪ, ಇವತ್ತೂ ಅದೇ ಕಪ್ಪು ಕೈಗಿಟ್ಟು. “ನಿಮ್ಮ ಮಂದ್ಯಾಗ ನಿಮ್ಮಂಥ ಶಾಣ್ಯಾನ್ನ ನಾ ನೋಡೇ ಇಲ್ಲ ನೋಡ್ರಿ.”

ಪ್ರಭುದಾಸ ಚಹಾದ ಜೊತೆ ‘ನಿಮ್ಮ ಮಂದ್ಯಾಗ’ ಎಂಬ ಮಾತನ್ನೂ ನುಂಗಿ, “ಬರ್ತೀನ್ರೀ ಸಾಹುಕಾರ್ರ,” ಎಂದು ನಕ್ಕ. ಅಷ್ಟರಲ್ಲಿ ಫೋನು ಬಂತು. ಅವನ ಚರ್ಚಿನ ಪಾಸ್ಟರ್ ಸತ್ಯಮಿತ್ರರು ಮಾತಾಡಿದರು: ಕರುಣಮ್ಮ ಹೋಗಿಬಿಟ್ಟಿದ್ದಳು.

ಕರುಣಮ್ಮ ಅವನ ಊರಿನವಳೇ, ಇನ್ನೊಬ್ಬ ಹಲಗಿಯವನ ಹೆಂಡತಿ. ಗಂಡ ಸತ್ತ ಮೇಲೆ ಶಹಾಪುರಕ್ಕೆ ಬಂದು ಚರ್ಚಿನ ಕಸ ಹೊಡೆಯುತ್ತ, ಅದರ ಹಿಂದಿನ ಒಂದು ಕೋಣೆಯಲ್ಲಿ ಬದುಕಿದ್ದಳು. ಪ್ರಭುದಾಸ ಊರು ಬಿಟ್ಟು ಬಂದ ಮೊದಮೊದಲು ಅವನ ಹೊಟ್ಟೆಗೆ ಬಿದ್ದದ್ದು ಅವಳ ರೊಟ್ಟಿ. ಹೆತ್ತವಳಲ್ಲದಿದ್ದರೂ ಅವನು ಅವಳನ್ನು ‘ಅವ್ವ’ ಎಂದೇ ಕರೆಯುತ್ತಿದ್ದ.

ಅವನು ಆ ಕೋಣೆಗೆ ಹೋದಾಗ ಹೆಣವನ್ನು ಚಾಪೆಯ ಮೇಲೆ ಮಲಗಿಸಿ, ಹೆಣ್ಣುಮಕ್ಕಳು ಸುತ್ತ ಕೂತು ಹಾಡುತ್ತಿದ್ದರು. ಅವನು ಕಾಲು ಮುಟ್ಟಿ ಅತ್ತ. ಪಾಸ್ಟರು ಅವನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು.

“ಸಾಯೂಕಿಂತ ಮದಲ ಒಂದ ಮಾತು ಹೇಳ್ಯಾಳಪ್ಪ. ಆಕಿ ಗಂಡ ಸತ್ತ ದಿನಾನ ಗೌಡರ ಮನ್ಯಾಗೂ ಸಾವಾತಂತ. ಊರಾನ ಹಲಗಿ ಎಲ್ಲಾ ಅಲ್ಲಿಗಿ ಹೋದ್ವು. ಜೀವಮಾನ ಎಲ್ಲಾ ಮಂದಿ ಹೆಣಕ್ಕ ಹಲಗಿ ಹೊಡದವ, ತಾನು ಮೂಕಾಗಿ ಮಣ್ಣಿಗಿ ಹೋದ. ‘ನನ್ನ ಮಣ್ಣಿಗರ ಹಲಗಿ ಇರ್ಲಿ ಅಯ್ಯಾರ, ನನ್ನ ಪ್ರಭು ಹೊಡೀಲಿ’ ಅಂದ್ಳು.”

 ಬಿಸಿಲಿನ ದಿನಗಳು, ಹೆಣ ಇಡುವಂತಿರಲಿಲ್ಲ. ಸಂಜೆಯೇ ಮಣ್ಣು. ಸ್ಮಶಾನದ ದಾರಿ ಸರ್ಕಲ್ಲಿನ ಮೇಲೆ ಹೋಗುತ್ತದೆ. ಸರ್ಕಲ್ಲಿನಲ್ಲೇ ಸನ್ಮಾನದ ವೇದಿಕೆ.

“ಯಾದಗಿರಿಯಿಂದ ಬ್ಯಾಂಡ್ ತರಸ್ತೀನ್ರೀ ಅಯ್ಯಾರ. ಎಲ್ಲಾ ನಾನ ನೋಡ್ಕೋತೀನಿ,” ಎಂದ ಪ್ರಭುದಾಸ.

“ಬ್ಯಾಂಡ್ ಕೇಳಿಲ್ಲಪ್ಪ ಆಕಿ,” ಎಂದರು ಪಾಸ್ಟರು. “ನಾ ಬಲವಂತ ಮಾಡಂಗಿಲ್ಲ. ನಿಮ್ಮ ಅಪ್ಪಗ ಮಾಡಿದ ಬಲವಂತ ಸಾಕು.”

ಮನೆಗೆ ಹೋಗುವ ಬದಲು ಪ್ರಭುದಾಸ ಚರ್ಚಿನೊಳಗೆ ಹೋಗಿ ಕೂತ. ಯಾರೂ ಇರಲಿಲ್ಲ. ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದರೆ ಬಾಯಿಗೆ ಬಂದದ್ದೆಲ್ಲ ನೆಪಗಳೇ. ಹಲಗಿ ಹಿಡಿದು ಸರ್ಕಲ್ ದಾಟಿದರೆ ಇಷ್ಟು ವರ್ಷ ಕಟ್ಟಿದ್ದು ಒಂದು ಗಳಿಗೆಯಲ್ಲಿ ಮಣ್ಣುಪಾಲು, ನಾಳೆ ಶಾಂತಪ್ಪನ ಮನೆಯ ಮದುವೆಗೆ ಬೇರೆಯವನ ಶಾಮಿಯಾನ, ಊರ ಬಾಯಲ್ಲಿ ತಾನು ‘ಹಲಗಿ ಪ್ರಭ್ಯಾ’. ದೇವರಿಗೆ ಇದೆಲ್ಲ ಗೊತ್ತಿಲ್ಲವೆಂಬಂತೆ ಬಿಡಿಸಿ ಬಿಡಿಸಿ ಹೇಳಿದ.

ಆಗ ಅವ್ವನ ಮಾತು ನೆನಪಾಯಿತು. ಒಮ್ಮೆ ಕಾಗದದ ಕಪ್ಪಿನ ಸಂಕಟವನ್ನು ಅವಳ ಮುಂದೆ ತೋಡಿಕೊಂಡಿದ್ದ. ಅವಳು ಕಸಬರಿಗೆ ಬದಿಗಿಟ್ಟು ಹೇಳಿದ್ದಳು: “ಪ್ರಭೂ, ಗಂಜಿನ್ಯಾಗ ಹತ್ತಿ ತೂಗೋ ತಕ್ಕಡಿ ಐತಿ, ಮನಷ್ಯಾನ್ನ ತೂಗೋದು ಅವರ ಹಂತ್ಯಾಕ ಎಲ್ಲೈತೋ? ನಿನ್ನ ಬೆಲಿ ಶಿಲುಬಿ ಮ್ಯಾಲ ಕಟ್ಟಿ ಮುಗದೈತಿ. ಇನ್ನೊಮ್ಮಿ ಕಟ್ರಿ ಅಂತ ಅವರ ಬಾಗಲಾ ಯಾಕ ಬಡೀತಿ?” ಅವತ್ತು ಅದು ಮುದುಕಿಯ ಸಮಾಧಾನದ ಮಾತು ಎಂದುಕೊಂಡು ಎದ್ದುಬಂದಿದ್ದ.

ಇವತ್ತು ಆ ಮಾತು ನೇರ ಎದೆಗೆ ನಾಟಿತು. ಪ್ರತಿ ಶುಭಶುಕ್ರವಾರ ಕೇಳಿದ ಕಥೆಯೇ ಕಣ್ಣ ಮುಂದೆ ಬಂತು. ಆ ಯೇಸುವನ್ನೂ ಸಂತೆಯ ಬೀದಿಯಲ್ಲೇ ನಡೆಸಿದ್ದರು, ಹೆಗಲ ಮೇಲೆ ಮರದ ತೊಲೆ ಹೊರಿಸಿ, ಮಂದಿ ಉಗಿಯುತ್ತ, ನಗುತ್ತ. ಅವನು ಯಾರು ನೋಡುತ್ತಿದ್ದಾರೆಂದು ನಾಚಿ ಹಿಂದೆ ಸರಿಯಲಿಲ್ಲ. ಬರಿಗಾಲಲ್ಲಿ ನಡೆದ ಅಪ್ಪನ ಪಕ್ಕದಲ್ಲೂ ಆ ಯೇಸು ನಡೆದಿರಬೇಕು. ನಾಚಿಕೊಂಡು ಬೇರೆ ದಾರಿ ಹಿಡಿದವನು ತಾನೇ.

“ಸ್ವಾಮೀ, ನಮ್ಮಪ್ಪನ ಬಗ್ಗಿ ನಾಚಿಕಿ ಪಟ್ಟೆ. ನೀ ಕೊಟ್ಟ ಮಾನ ಬಿಟ್ಟು ಅವರ ಶಾಲಿಗಿ ಕೈ ಒಡ್ಡಿದೆ,” ಎಂದು ಬಾಯಿಬಿಟ್ಟು ಹೇಳಿ, ನೆಲಕ್ಕೆ ಹಣೆ ಹಚ್ಚಿ ಅತ್ತ. ಅತ್ತ ಮೇಲೆ ಎದೆ ಹಗುರವಾಯಿತು, ಅಂಜಿಕೆ ಮಾತ್ರ ಹೋಗಲಿಲ್ಲ. ಅಂಜಿಕೆಯನ್ನು ಜೊತೆಗೇ ಇಟ್ಟುಕೊಂಡು ಕೇರಿಯ ಮುದುಕ ಮರಿಲಿಂಗಪ್ಪನ ಮನೆಗೆ ಹೋಗಿ ಹಲಗಿ ಕೇಳಿದ.

“ಮುಟ್ಟಂಗಿಲ್ಲಂತ ಆಣಿ ಮಾಡಿದ್ದೆಲ್ಲೋ?” ಎಂದ ಮರಿಲಿಂಗಪ್ಪ.

“ಮಂದಿ ಹೊಡೀ ಅಂದ್ರ ಹೊಡ್ಯಂಗಿಲ್ಲಂತ ಮಾಡಿದ್ದೆ, ಕಾಕಾ. ಇವತ್ತು ಯಾರೂ ಹೊಡೀ ಅಂದಿಲ್ಲ. ನಮ್ಮವ್ವಗ ನಾನ ಹೊಡ್ಯಾಕತ್ತೀನಿ.”

ಮುದುಕ ಜೋಳದ ಕಣಕಿಯ ಒಣ ದಂಟು ಉರಿಸಿ ಹಲಗಿಯ ಚರ್ಮವನ್ನು ಬಿಗಿಯಾಗುವ ತನಕ ಕಾಸಿ ಕೊಟ್ಟ.

ಸಂಜೆ ಹೆಣದ ಪೆಟ್ಟಿಗೆ ಎತ್ತಿದಾಗ ಪ್ರಭುದಾಸ ಚಪ್ಪಲಿ ಬಿಟ್ಟು ಮುಂದೆ ನಿಂತ. ಬರಿಗಾಲಲ್ಲಿ ನಡೆ ಎಂದು ಯಾರೂ ಹೇಳಿರಲಿಲ್ಲ. ಮೊದಲ ಪೆಟ್ಟು ತಡವರಿಸಿತು, ಎರಡನೆಯದು ಸರಿಯಾಯಿತು, ಆಮೇಲೆ ಕೈ ತನ್ನ ಕೆಲಸ ತಾನು ಮಾಡಿತು. ಚರ್ಚಿನ ಒಬ್ಬಿಬ್ಬರು ಹಿರಿಯರು ಮುಖ ಸಿಂಡರಿಸಿದರು. ಪಾಸ್ಟರು ಅವನ ಪಕ್ಕಕ್ಕೆ ಬಂದು ನಡೆದದ್ದನ್ನು ಕಂಡು ಅವರೂ ಹಿಂದೆ ಹೆಜ್ಜೆ ಹಾಕಿದರು.

ಸರ್ಕಲ್ಲಿಗೆ ಬಂದಾಗ ವೇದಿಕೆ ತುಂಬಿತ್ತು. ಹಲಗಿಯ ಸದ್ದಿಗೆ ಭಾಷಣ ನಿಂತಿತು. ಕುರ್ಚಿಗಳಲ್ಲಿ ಕೂತವರು ತಿರುಗಿ ನೋಡಿದರು. “ಏ, ಮೈಕಿನ ಪ್ರಭಣ್ಣ ಅಲ್ಲೇನೋ ಅಂವ!” ಎಂದು ಯಾರೋ ಕೂಗಿ ನಕ್ಕರು. ಪ್ರಭುದಾಸನಿಗೆ ಓಡಿಹೋಗಬೇಕೆನ್ನಿಸಿತು, ಹೋಗಲಿಲ್ಲ.

ಶಾಂತಪ್ಪ ಶಾಲು ಕೈಯಲ್ಲಿಟ್ಟುಕೊಂಡೇ ಅವಸರದಲ್ಲಿ ಇಳಿದು ಬಂದ. ಕೆಟ್ಟ ಮನುಷ್ಯನೇನಲ್ಲ, ಗಾಬರಿಬಿದ್ದಿದ್ದ.

“ಇದೇನ್ ಮಾಡಾಕತ್ತೀರಿ ಪ್ರಭಣ್ಣ? ಆ ಹಲಗಿ ಯಾರ ಕೈಯಾಗರ ಕೊಟ್ಟು ಲಗೂನ ಮ್ಯಾಲ ಬರ್ರಿ. ಶಾಲು ಹಾಕಿಸ್ಕೊಂಡು ಹೋಗೀರಂತ. ಮಂದಿ ನಾಳಿಗಿ ಮರೀತಾರ.”

ಪ್ರಭುದಾಸ ಬಡಿಯುವ ಕೈ ನಿಲ್ಲಿಸಿದ. ಇಷ್ಟು ವರ್ಷ ಕಾದ ಶಾಲು ಕೈಗೆಟಕುವಷ್ಟು ಹತ್ತಿರ ಇತ್ತು.

“ಹಲಗಿ ಹಿಡದವನ ಹೆಗಲಿಗಿ ಹಾಕ್ತೀರೇನ್ರೀ, ಸಾಹುಕಾರ್ರ? ಇಲ್ಲೇ, ಈಗ?”

ಶಾಂತಪ್ಪ ವೇದಿಕೆಯ ಕಡೆ ನೋಡಿದ, ಶಾಲಿನ ಕಡೆ ನೋಡಿದ. ಅದನ್ನು ಇನ್ನಷ್ಟು ಎದೆಗೆ ಒತ್ತಿಕೊಂಡ. 

“ಹಾಂಗಾರ ಅದು ನಂದಲ್ರೀ,” ಎಂದ ಪ್ರಭುದಾಸ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. “ನಮ್ಮವ್ವನ್ನ ಕಳಸಾಕ ಹೊಂಟೀನಿ, ಹೊತ್ತಾಗ್ತೈತಿ. ಬರ್ತೀನ್ರೀ.”

ಮತ್ತೆ ಹಲಗಿ ಮೊಳಗಿತು. ನಗುತ್ತಿದ್ದವರು ನಗುತ್ತಲೇ ಇದ್ದರು, ಒಂದಿಬ್ಬರು ಮುದುಕರು ಹೆಣಕ್ಕೆ ಕೈಮುಗಿದು ದಾರಿ ಬಿಟ್ಟರು.

ಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗ ಗಾಳಿಯಲ್ಲಿ ಮೈಕಿನ ದನಿ ತೇಲಿಬಂತು. ಅವನದೇ ಮೈಕು, ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಅವನ ಪಾಲಿನ ಶಾಲಿಗೆ ಬೇರೆ ಯಾರದೋ ಹೆಸರು ಕರೆದರು, ಚಪ್ಪಾಳೆ ಬಿತ್ತು. ಪಾಸ್ಟರು ಮೆಲ್ಲಗೆ ಅವನ ಮುಖ ನೋಡಿದರು. ಪ್ರಭುದಾಸನ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಅವನು ಆ ಹೆಸರನ್ನು ಕೇಳಿಸಿಕೊಂಡಂತೆಯೇ ಇರಲಿಲ್ಲ.

“ಅವ್ವಾ, ಕೇಳಸ್ತೈತೇನು?” ಎಂದು ಕುಣಿಯ ಕಡೆ ಬಗ್ಗಿ ಕೇಳಿ, ಮಣ್ಣು ಪೂರಾ ಮುಚ್ಚುವ ತನಕ ಬಾರಿಸಿದ.