ಎಡಗೈಯಲ್ಲಿ ಹರಸಿದ ಮಗು

ಜೆನೋವಾದ ನಮ್ಮ ಹರಾಜು ಮನೆಯಲ್ಲಿ ಓಬೆರ್ತೊ ಮೇಷ್ಟ್ರ ಮಾತೇ ಕೊನೆ. ಸಹಿಯಿಲ್ಲದ ಹಳೆಯ ಚಿತ್ರ ಬಂದರೆ ಅದು ಯಾರ ಕೈಯದೆಂದು ಅವರು ಹೇಳುತ್ತಾರೆ, ನಾನು ಪಟ್ಟಿಗೆ ಬರೆಯುತ್ತೇನೆ. ಈ ವಸಂತದ ಹರಾಜು ಅವರ ಕೊನೆಯದು. ಪಟ್ಟಿಯ ಮೊದಲ ಪುಟಕ್ಕೆ ಅವರು ಆರಿಸಿದ್ದು ಕೆಂಪು ಸೀಮೆಸುಣ್ಣದಲ್ಲಿ ಬರೆದ ಮರಿಯಮ್ಮ ಮತ್ತು ಮಗು.

"ಗೆರೆ ಎಲ್ಲಾ ಯಾವ ಕಡೆ ವಾಲಿದೆ ನೋಡು. ಎಡಗೈಯವನು. ನಮ್ಮೂರಿನ ಹಳೇ ಎಡಗೈ ಚಿತ್ರಗಾರ ಲಜ್ಜಾರೊ ಸೆಮೀನೊನೇ." ಮೂವತ್ತು ವರ್ಷದ ಹಿಂದೆ ಚಿತ್ರದ ರಟ್ಟಿನ ಮೇಲೆ ಆ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು, ತಮ್ಮ ಮನೆಯ ಗೋಡೆಗೆ ಹಾಕಿಕೊಂಡವರೂ ಅವರೇ.

ಪಟ್ಟಿ ಅಚ್ಚಿಗೆ ಹೋಗಲು ಎರಡು ದಿನವಿತ್ತು. ಆ ಮಗು ನನ್ನನ್ನು ಬಿಡಲಿಲ್ಲ. ತಾಯಿಯ ತೊಡೆಯ ಮೇಲೆ ಕೂತು ಎಡಗೈ ಎತ್ತಿ ಹರಸುತ್ತಿದೆ. ನಮ್ಮೂರಿನ ಯಾವ ಚರ್ಚಿನ ಗೋಡೆಯಲ್ಲೂ ಯೇಸು ಎಡಗೈಯಲ್ಲಿ ಹರಸಿದ್ದನ್ನು ನಾನು ಕಂಡಿಲ್ಲ. ಬ್ಯಾಗಿನ ಪುಟ್ಟ ಕನ್ನಡಿ ತೆಗೆದು ಎದುರಿಗೆ ಹಿಡಿದೆ. ಅದರೊಳಗೆ ಕೈಯೂ ಗೆರೆಗಳೂ ಸರಿಯಾದವು. ಯಾರೋ ಮೂಲಚಿತ್ರದ ಮೇಲೆ ಒದ್ದೆ ಕಾಗದ ಒತ್ತಿ ತೆಗೆದ ಅಚ್ಚು ಇದು. ಎಡಬಲ ಅದಲುಬದಲಾಗಿದೆ. ಬರೆದವನು ಬಲಗೈಯವನು, ಸೆಮೀನೊ ಅಲ್ಲ.

ಹೇಳದಿದ್ದರೆ ಸುಳ್ಳು ಅಚ್ಚಾಗುತ್ತದೆ. ಹೇಳಿದರೆ ಅವರ ಕೊನೆಯ ಪಟ್ಟಿಯಲ್ಲಿ ನಾನೇ ಅವರನ್ನು ಬೀಳಿಸಿದಂತೆ. ನನಗೆ ಕೆಲಸ ಕಲಿಸಿದವರು ಅವರು. ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಒಂದು ಚೀಟಿ ಬರೆದು ಅವರ ಕಾಫಿ ಬಟ್ಟಲಿನ ಕೆಳಗಿಟ್ಟೆ.

ಫೊಕಾಚ ರೊಟ್ಟಿಯನ್ನು ಹಾಲುಕಾಫಿಗೆ ಅದ್ದುತ್ತಾ ಅವರು ಓದಿದರು.

"ಚೀಟಿ ಯಾಕೆ ಲವೀನಿಯಾ, ಬಾಯಿಗೇನಾಗಿದೆ?"

"ಭಯ ಆಗಿದೆ, ಮೇಷ್ಟ್ರೇ."

ಎಣ್ಣೆಗೈ ಒರೆಸಿಕೊಂಡು ನನ್ನ ಕನ್ನಡಿ ಕೇಳಿ ಪಡೆದರು. ಅದರಲ್ಲಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಎಲಾ ಇವಳ! ಮೂರು ವರ್ಷದಲ್ಲಿ ಮೂರು ಮಾತಾಡಿಲ್ಲ, ನಾಲ್ಕನೇದು ನನ್ನ ಬುಡಕ್ಕೇ!"

ನನ್ನ ಕಣ್ಣು ತುಂಬಿತು. ಅವರು ನಕ್ಕು ತಮ್ಮ ಎಡಗೈ ಎತ್ತಿ ತೋರಿಸಿದರು.

"ಸ್ಕೂಲಲ್ಲಿ ಸನ್ಯಾಸಿನಿ ಟೀಚರು ಇದನ್ನ ಬೆಂಚಿಗೆ ಕಟ್ಟಿಹಾಕ್ತಿದ್ರು. ಅದಕ್ಕೇ ಈ ಪಾಪು ತಪ್ಪು ಮಾಡ್ತಿದೆ ಅಂತ ನನಗೆ ಒಂದು ದಿನಾನೂ ಅನಿಸ್ಲಿಲ್ಲ ನೋಡು. ನಮ್ಮ ಕಡೆಯವನು ಅಂದ್ಕೊಂಡೆ."

ರಟ್ಟಿನ ಮೇಲಿನ ಹೆಸರನ್ನು ತಾವೇ ಅಳಿಸಿ ಪೆನ್ಸಿಲನ್ನು ನನ್ನ ಕೈಗಿಟ್ಟರು. "ಬರಿ. ಪೆನ್ಸಿಲ್ಲಲ್ಲೇ ಬರಿ, ಇನ್ನು ಮೂವತ್ತು ವರ್ಷಕ್ಕೆ ನಿನ್ನನ್ನ ಅಳಿಸೋಳು ಬರ್ತಾಳೆ. ಅವಳನ್ನ ಹೆದರಿಸ್ಬೇಡ, ಕಾಫಿ ಕೊಡು."

'ಜೆನೋವಾದ ಅಜ್ಞಾತ ಕಲಾವಿದನ ಚಿತ್ರದಿಂದ ತೆಗೆದ ಅಚ್ಚು' ಎಂದು ಬರೆದೆ. ಚಿತ್ರ ಮೊದಲ ಪುಟದಿಂದ ನಲವತ್ತನೆಯ ಪುಟಕ್ಕೆ ಇಳಿಯಿತು.

ಹರಾಜಿನ ದಿನ ಅದನ್ನು ಕೊಂಡವಳು ಒಬ್ಬ ನರ್ಸು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಬಳಿ ಬಂದು ಸಂಕೋಚದಿಂದ ಕೇಳಿದಳು: "ಎಡಗೈಲಿ ಹರಸ್ತಿದೆಯಲ್ಲ, ಮನೇಲಿಟ್ರೆ ಏನೂ ಆಗಲ್ವಾ?"

"ಮೂವತ್ತು ವರ್ಷ ನನ್ನನ್ನ ಹರಸಿದೆ, ಚೆನ್ನಾಗೇ ಇದ್ದೀನಿ," ಎಂದರು ಮೇಷ್ಟ್ರು. ನನ್ನ ಕಡೆ ಒಮ್ಮೆ ನೋಡಿ, ಅವಳಿಗೆ, "ಕನ್ನಡಿ ಎದುರಿಗೆ ಮಾತ್ರ ಹಾಕ್ಬೇಡಮ್ಮ," ಎಂದರು.