ಬಂದ ನಂಬರ್ ಹೇಳು

ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವ ಕೆಲಸ ಮುಗಿಸಿ ಬಂದು, ಉಗುರಿನ ಸಂದಿಯ ಬಣ್ಣದ ಕ್ರೀಮು ತೊಳೆಯುತ್ತಿರುವಾಗಲೇ ಅತ್ತಿಗೆಗೆ ನಡುಮನೆಯಿಂದ ಗಂಡನ ದನಿ ಕೇಳಿಸುತ್ತಿತ್ತು:

"ಏಯ್, ನಿನ್ನ ಫೋನಿಗೆ ಒಂದು ನಂಬರ್ ಬಂದಿರುತ್ತೆ ನೋಡು. ಹೇಳು."

ಒದ್ದೆ ಕೈಯಲ್ಲೇ ಫೋನ್ ಹಿಡಿದು ಅವಳು ಬ್ಯಾಂಕಿನಿಂದ ಬಂದ ಅಂಕಿಗಳನ್ನು ಓದಿ ಹೇಳುತ್ತಿದ್ದಳು. ಯಾಕೆ, ಏನು ಎಂದು ಒಮ್ಮೆಯೂ ಕೇಳಿದವಳಲ್ಲ. ಅವಳ ತಾಯಿಯೂ ಹೀಗೇ, ಗಂಡ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಮಗಳು ಓದು ಬಲ್ಲವಳು, ಆದ್ದರಿಂದ ನಂಬರ್ ಓದುತ್ತಿದ್ದಳು. ನಾವು ಮುಂದುವರಿದಿದ್ದೇವೆ ಎಂದು ಬೀಗುವ ಎಷ್ಟೋ ಮನೆಗಳಲ್ಲಿ ಮುಂದುವರಿದದ್ದು ಇಷ್ಟೇ.

ನಾದಿನಿ ಕರೆಯುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಗಂಡನಿಗೆ ಅವರಿಟ್ಟ ಅಡ್ಡಹೆಸರು ಡಯಲ್ ಟೋನ್. ಟೆಲಿಫೋನ್ ಕಚೇರಿಯಲ್ಲಿ ತಂತಿ ದುರಸ್ತಿ ಮಾಡುತ್ತಲೇ ಕೂದಲು ಹಣ್ಣಾದವನು. ಯೋಚನೆಗೆ ಬಿದ್ದರೆ ಗಂಟಲಲ್ಲೇ ಗುಂಯ್ ಎನ್ನುತ್ತಿದ್ದ. ನಿವೃತ್ತಿಯ ಹಣವನ್ನೆಲ್ಲ ಒಂದೇ ಫೋನ್ ಕಂಪನಿಯ ಶೇರಿಗೆ ಸುರಿದಿದ್ದ. "ಜನ ಒಂದು ಹೊತ್ತು ಊಟ ಬಿಟ್ಟಾರು, ಫೋನ್ ಬಿಡ್ತಾರಾ?" ಎನ್ನುವುದು ಅವನ ವಾದ.

ಅವನ ತಂಗಿ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅವಳ ಗಂಡ ಅಪಘಾತದಲ್ಲಿ ತೀರಿಕೊಂಡಾಗ ಬಂದ ವಿಮೆಯ ಹಣವನ್ನು ಅಣ್ಣ ಅದೇ ಕಂಪನಿಗೆ ಹಾಕಲು ಹೊರಟ. ಆಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಅತ್ತಿಗೆ, ಅರ್ಧ ಬ್ಯಾಂಕಲ್ಲೇ ಇರಲಿ ಅನಿಸ್ತಿದೆ. ಅಣ್ಣನ ಮುಂದೆ ಹೇಳೋಕೆ ಬಾಯಿ ಬರಲ್ಲ."

ಅತ್ತಿಗೆ ನಕ್ಕುಬಿಟ್ಟಿದ್ದಳು. "ನಿಮ್ಮಣ್ಣ ನಿಂಗೆ ಕೆಟ್ಟದ್ದು ಮಾಡ್ತಾರೇನೇ? ನಂಬರ್ ಬಂದಾಗ ಹೇಳಿಬಿಡು, ತಲೆ ಕೆಡಿಸ್ಕೋಬೇಡ."

ಅವಳು ಹೇಳಿಬಿಟ್ಟಳು.

ಒಂದೆರಡು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಶೇರುಪೇಟೆಯ ವಿಶ್ಲೇಷಕರು ಒಬ್ಬೊಬ್ಬರಾಗಿ ಮಾತು ಬದಲಿಸಿದರು. ಕೊಳ್ಳಿ ಎಂದಿದ್ದವರು ಇದ್ದರೆ ಇಟ್ಟುಕೊಳ್ಳಿ ಎಂದರು. ಇನ್ನೊಬ್ಬರು ಮಾರಿಬಿಡಿ ಎಂದೇ ಬರೆದರು. ಕಂಪನಿಯ ತಲೆಯ ಮೇಲೆ ಸಾಲವಿದೆ, ಗ್ರಾಹಕರು ಬೇರೆ ಕಂಪನಿಗೆ ಹೋಗುತ್ತಿದ್ದಾರೆ, ಹೊಸ ಟವರುಗಳಿಗೆ ದುಡ್ಡಿಲ್ಲ ಎಂಬುದು ಅವರ ಲೆಕ್ಕ. ಬೆಲೆ ಇಳಿಯತೊಡಗಿತು.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಊಟಕ್ಕೆ ಕೂತಾಗ ಮಾತು ತೆಗೆದಳು. "ಅಪ್ಪಾ, ಸ್ವಲ್ಪನಾದ್ರೂ ಮಾರಿ."

"ಅವರದ್ದೆಲ್ಲ ಆಟ ಕಣಮ್ಮ. ನಮ್ಮಂಥವರನ್ನ ಹೆದರಿಸಿ ಮಾರಿಸೋದು, ತಾವು ಅಗ್ಗಕ್ಕೆ ಬಾಚಿಕೊಳ್ಳೋದು."

"ಇರಬಹುದು. ಅವರೂ ತಪ್ಪಬಹುದು, ನೀವೂ ತಪ್ಪಬಹುದು. ನೀವು ತಪ್ಪಿದ್ರೆ ನಿಮ್ಮ ದುಡ್ಡು ಹೋಗುತ್ತೆ. ಅತ್ತೆ ದುಡ್ಡು ಯಾಕೆ ಹೋಗಬೇಕು? ಅವರನ್ನ ಕೇಳಿದ್ರಾ?"

"ನನ್ನ ತಂಗಿನ ನಾನು ಕೇಳಬೇಕಾ? ಅವಳಿಗೆ ಇದೆಲ್ಲ ಏನು ತಿಳಿಯುತ್ತೆ?"

"ಹೇಳಿಕೊಟ್ರೆ ತಿಳಿಯುತ್ತೆ. ಅಮ್ಮಂಗೂ ತಿಳಿಯುತ್ತೆ."

ಅತ್ತಿಗೆ ಮಗಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, "ಊಟದ ಹೊತ್ತಲ್ಲಿ ಜಗಳ ಬೇಡ" ಎಂದಳು.

ಕೆಲವು ವಾರಗಳಲ್ಲಿ ನಾದಿನಿಗೆ ಸೂಜಿಯ ಕಣ್ಣು ಕಾಣದಾಯಿತು. ಕಣ್ಣಿನ ಒಳಗಿನ ಒತ್ತಡ ಏರಿದೆ, ತಡಮಾಡದೆ ಆಪರೇಷನ್ ಮಾಡಿಸಿ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಅವಳು ಅಣ್ಣನ ಎದುರು ಬಂದು ಕೂತಳು.

"ಸ್ವಲ್ಪ ಶೇರು ಮಾರೋಣ್ವಾ ಅಣ್ಣಾ?"

ಅವನು ಗುಂಯ್ ಎಂದ. "ಈಗ ಮಾರಿದ್ರೆ ಕೈಯಾರೆ ನಷ್ಟ ಮಾಡಿಕೊಂಡ ಹಾಗೆ. ಹಾಕಿದ ರೇಟಿಗಾದ್ರೂ ಬರಲಿ. ಅಲ್ಲಿ ತನಕ ಡ್ರಾಪ್ಸ್ ಹಾಕ್ಕೊಂಡಿರು."

ನಾದಿನಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಬೇಕರಿ ಸಂಬಳದಲ್ಲಿ ಉಳಿಸಿದ ಠೇವಣಿ ಬ್ಯಾಂಕಿನಲ್ಲಿತ್ತು, ಮುರಿಸಿ ಕೊಡಬಹುದಿತ್ತು. ಆದರೆ ಗಂಡನನ್ನು ಕೇಳದೆ ಹೇಗೆ? ಅವಳು ಕೈಯಲ್ಲಿದ್ದ ಟೀ ಸೋಸುವ ಜಾಲರಿಯನ್ನೇ ನೋಡುತ್ತ, "ಅಣ್ಣ ಹೇಳ್ತಿದಾರಲ್ಲ, ಸ್ವಲ್ಪ ತಡಿ" ಎಂದಳು.

ನಾದಿನಿ ತಡೆದಳು. ಬೆಲೆ ಮೇಲೆ ಬರಲಿಲ್ಲ. ಎಡಗಣ್ಣು ಹೋಯಿತು.

ಅತ್ತಿಗೆ ನೋಡಲು ಹೋದಾಗ ನಾದಿನಿ ಮೆಷಿನ್ನಿನ ಮುಂದೆಯೇ ಇದ್ದಳು. ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ಸವರಿ ಹೊಲಿಗೆ ಓಡಿಸುತ್ತಿದ್ದಳು. ಅತ್ತಿಗೆ ಎಡಗಡೆ ಬಂದು ನಿಂತದ್ದೇ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಇಡೀ ಮುಖ ತಿರುಗಿಸಿ, "ಕೂತ್ಕೊಳ್ಳಿ ಅತ್ತಿಗೆ" ಎಂದಳು. "ಇನ್ನೊಂದಕ್ಕೂ ಶುರುವಾಗಿದೆಯಂತೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಂಡನ ಮೇಲೆ ಸಿಟ್ಟು ಬಂದರೆ ಅತ್ತಿಗೆಗೆ ಹಗುರವಾಗುತ್ತಿತ್ತೇನೋ. ತಡಿ ಎಂದ ತನ್ನ ದನಿಯೇ ಕಿವಿಯಲ್ಲಿ ಕೂತಿತ್ತು.

ಡಯಲ್ ಟೋನ್ ಕಲ್ಲುಮನಸ್ಸಿನವನಲ್ಲ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದು ಅವಳಿಗೆ ಕೇಳಿಸಿತ್ತು. ಆದರೆ ಅವನಿಗೆ ಹೊಳೆದ ಪರಿಹಾರವೂ ಅದೇ ಶೇರು. ಒಂದು ಸಂಜೆ ಅವಳು ಬೇಕರಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶುರುಮಾಡಿದ.

"ನಿನ್ನ ಠೇವಣಿ ಮುರಿಸಿ ಇದಕ್ಕೆ ಹಾಕ್ತೀನಿ. ಇಳಿದಾಗ ಇನ್ನಷ್ಟು ಕೊಂಡ್ರೆ ಸರಾಸರಿ ಬೆಲೆ ಇಳಿಯುತ್ತೆ. ಚೂರು ಏರಿದ್ರೂ ಸಾಕು, ಅವಳ ಆಪರೇಷನ್ ಆಗುತ್ತೆ. ನಂಬರ್ ಬಂತಾ?"

"ಬಂದಿದೆ."

"ಹೇಳು."

"ಹೇಳಲ್ಲ."

ಅವನು ಕನ್ನಡಕ ತೆಗೆದ. "ಏನಂದೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನನ್ನ ಮೇಲೇ ಇಲ್ಲ ರೀ." ಅವಳು ಫೋನನ್ನು ಚೀಲಕ್ಕೆ ಹಾಕಿದಳು. "ಇಷ್ಟು ವರ್ಷ ಕೇಳದೆ ಹೇಳ್ದೆ. ಅವಳ ಬಾಯಲ್ಲೂ ಹೇಳಿಸ್ದೆ. ಅವಳು ಕಣ್ಣು ಉಳಿಸಿ ಅಂತ ಬಂದಾಗ ದುಡ್ಡು ಇಟ್ಕೊಂಡೂ ತಡಿ ಅಂದೆ. ನೀವು ಶೇರು ನೋಡ್ತಿದ್ರಿ. ನಾನು ಅವಳ ಮುಖಾನೇ ನೋಡ್ತಿದ್ದೆ. ನನ್ನ ತಪ್ಪೇ ದೊಡ್ಡದು."

ಅವನು ಕೂಗಾಡಿದ, ಮನೆತನದ ಮಾತೆತ್ತಿದ, ಕೊನೆಗೆ ಊಟ ಬೇಡವೆಂದು ಎದ್ದುಹೋದ. ನಂಬರಿನ ಅವಧಿ ಮುಗಿದುಹೋಗಿತ್ತು.

ಮಾರನೆಯ ದಿನ ಶೇರು ಏರಿತು! ಅವನು ಟಿವಿಯ ದನಿ ಜೋರು ಮಾಡಿ, "ನೋಡಿದ್ಯಾ? ನಿನ್ನೆ ಹಾಕಿದ್ರೆ?" ಎಂದ.

ಅತ್ತಿಗೆ ಟಿವಿಯ ಅಂಕಿಗಳನ್ನು ನೋಡಿದಳು. ಆದರೂ ಚೀಲ ಹೆಗಲಿಗೇರಿಸಿದಳು. "ಏರಲಿ. ನಾಳೆ ಇನ್ನೂ ಏರಲಿ. ಬೀಳುತ್ತೆ ಅಂತ ನಾನು ಬೇಡ ಅನ್ನಲಿಲ್ಲ. ನೀವು ನನ್ನ ಕೇಳಲಿಲ್ಲ ಅಂತ ಬೇಡ ಅಂದೆ."

ಠೇವಣಿ ಮುರಿಸಿ ನೇರವಾಗಿ ಹೊಲಿಗೆ ಅಂಗಡಿಗೆ ಹೋದಳು. ನಾದಿನಿ ಹಣ ಮುಟ್ಟಲಿಲ್ಲ.

"ನಿಮ್ಮದು ಬೇಡ ಅತ್ತಿಗೆ. ನನ್ನದೇ ಇದೆಯಲ್ಲ."

"ಮಾರಿದ್ರೆ ಈಗ್ಲೂ ನಷ್ಟ. ಸ್ವಲ್ಪ ಏರ್ತಿದೆಯಂತೆ, ಕಾದ್ರೆ ಬರಬಹುದು, ಬರದೇನೂ ಇರಬಹುದು. ನಿಂಗೇನನಿಸುತ್ತೆ?"

ನಾದಿನಿ ಕತ್ತರಿ ಕೆಳಗಿಟ್ಟಳು. "ಈ ಮಾತನ್ನ ಅವತ್ತೇ ಕೇಳಬಹುದಿತ್ತಲ್ಲ ಅತ್ತಿಗೆ."

ಅತ್ತಿಗೆ ಹಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಕ್ಷಮಿಸು ಎನ್ನಲಿಲ್ಲ. ಕ್ಷಮೆ ಕೇಳುವುದೂ ಅವಳಿಂದ ಇನ್ನೊಂದನ್ನು ಕಿತ್ತುಕೊಂಡಂತೆ ಅನಿಸಿತು.

"ಮಾರ್ತೀನಿ" ಎಂದಳು ನಾದಿನಿ. ಮಗಳು ಬಂದು ಹೇಗೆ ಮಾರುವುದೆಂದು ತೋರಿಸಿಕೊಟ್ಟಳು, ಮಾರಿದವಳು ನಾದಿನಿಯೇ. ಅಣ್ಣನಿಗೂ ತಾನೇ ಫೋನ್ ಮಾಡಿ ತಿಳಿಸಿದಳು. ಆ ಕಡೆಯಿಂದ ಗುಂಯ್ ಎಂದಷ್ಟೇ ಕೇಳಿತು.

"ಆಸ್ಪತ್ರೆಗೆ ಬರ್ತೀಯಾ ಅಣ್ಣಾ?"

ಬಂದ. ಬೆಂಚಿನ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅತ್ತಿಗೆ, ನಡುವೆ ನಾದಿನಿ. ನರ್ಸು ಒಪ್ಪಿಗೆ ಪತ್ರ ಹಿಡಿದು ಬಂದು, "ಸಹಿ ಯಾರು ಹಾಕ್ತೀರಾ?" ಎಂದಾಗ ಅವನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

"ನಾನು" ಎಂದಳು ನಾದಿನಿ. "ಮೊದಲು ಇದರಲ್ಲಿ ಏನಿದೆ ಓದಿ ಹೇಳಿ."

ನರ್ಸು ಗಡಿಯಾರ ನೋಡಿಕೊಂಡು ಓದತೊಡಗಿದಳು. ನಾದಿನಿ ನಡುನಡುವೆ ತಡೆದು ಪ್ರಶ್ನೆ ಕೇಳಿದಳು, ಅರ್ಥವಾಗದ್ದನ್ನು ಮತ್ತೆ ಓದಿಸಿದಳು. ಅವಳ ಎಡಗಡೆ ಕೂತಿದ್ದ ಅತ್ತಿಗೆ, ತನ್ನನ್ನು ಅವಳು ಕಾಣಲಾರಳೆಂದು ಗೊತ್ತಿದ್ದೂ, ತಲೆ ಎತ್ತಲಿಲ್ಲ.