ಕನ್ನಡಕದ ನಾಲ್ಕು ಎಳೆ

ಕರುಣಾಕರ ಅಜ್ಜ ಮಂಗಳೂರಿನಲ್ಲಿ ದೀಪಾವಳಿಗೆ ಕಟ್ಟಿದ ಗೂಡುದೀಪದ ಬೆಳಕಿಗೆ ಅರಬ್ಬಿ ಕಡಲಿನ ಆಚೆ ದಡದವರು ಬೆಳಗಾಯಿತೆಂದು ಎದ್ದು ಹಲ್ಲುಜ್ಜಿದ್ದರು. ಅವರು ಕಾಗದ ಕತ್ತರಿಸಲು ಕುಳಿತರೆ ಕತ್ತರಿಯೇ ನಾಚಿ ಬಾಯಿ ಮುಚ್ಚುತ್ತಿತ್ತು. ಅಂಥವರು ಏಪೆಕ್ಸ್ ಎಂಬ ಊರಿನ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಸುಮ್ಮನೆ ಕುಳಿತದ್ದು ಅಮೆರಿಕದ ದುರದೃಷ್ಟ.

ಆ ದುರದೃಷ್ಟ ಒಂದು ಶನಿವಾರ ಬೆಳಿಗ್ಗೆ ಮುಗಿಯಿತು. ಮೊಮ್ಮಗಳು ದೀಕ್ಷಿತಾಳ ಹೈಸ್ಕೂಲಿನ ಮಕ್ಕಳು ಊರ ಲೈಬ್ರರಿಯ ಹಿಂದಿನ ಗೋಡೆಗೆ ಆಕಾರ ಕತ್ತರಿಸಿ ತೆಗೆದ ಸ್ಟೆನ್ಸಿಲ್ ಹಾಳೆ ಹಿಡಿದು, ಮೇಲೆ ಬಣ್ಣ ಸಿಂಪಡಿಸಿ ಚಿತ್ರ ಮೂಡಿಸುವವರಿದ್ದರು. ತಲಾ ಒಂದೊಂದು ಮುಖ. ದೀಕ್ಷಿತಾ ಆರಿಸಿದ್ದು ಮಿಸ್ ರೂಬಿಯನ್ನು, ಚಿಕ್ಕಂದಿನಲ್ಲಿ ತನ್ನ ಸ್ಕೂಲ್ ಬಸ್ ಓಡಿಸುತ್ತಿದ್ದ ದೊಡ್ಡ ಕನ್ನಡಕದ ಹೆಂಗಸನ್ನು. ಬಸ್ಸಿನಲ್ಲಿ ಅಳುತ್ತಿದ್ದ ದೀಕ್ಷಿತಾಳನ್ನು ಆಕೆ ಒಂದು ವರ್ಷ ತನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡಿದ್ದಳು. ಈ ದಿನ ಮೂರು ಗಂಟೆಗೆ ಗೋಡೆಯ ಮೇಲೆ ತನ್ನ ಮುಖ ನೋಡಲು ಬರುವವಳಿದ್ದಳು.

ದೀಕ್ಷಿತಾ ಸ್ನಾನಕ್ಕೆ ಹೋದಾಗ ಅಜ್ಜ ಅವಳು ಕತ್ತರಿಸಿಟ್ಟ ಹಾಳೆ ನೋಡಲು ಗ್ಯಾರೇಜಿಗೆ ಇಳಿದರು. ಕನ್ನಡಕದ ಚೌಕಟ್ಟು ಕತ್ತರಿಸಿದ ಕಡೆ ನಾಲ್ಕು ಸಣ್ಣ ಎಳೆಗಳು ಹಾಗೇ ಉಳಿದಿದ್ದವು. ಗೂಡುದೀಪದಲ್ಲಿ ಇಂಥ ಎಳೆ ಬಿಟ್ಟರೆ ಮರ್ಯಾದೆ ಉಂಟೇ? ಪಾಪ, ಮಗುವಿಗೆ ಕೈ ಸೋತಿರಬೇಕು. ಅಜ್ಜನ ಚಾಕು ಮಿಂಚಿತು. ಆ ಮಿಂಚಿಗೆ ನೆರೆಮನೆಯ ನಾಯಿ ಎರಡು ದಿನ ಬೊಗಳುವುದನ್ನೇ ಮರೆಯಿತು. ಎಳೆಗಳು ಹೋದವು, ಅವುಗಳ ಹಿಂದೆಯೇ ಕನ್ನಡಕದ ಕಾಗದದ ಗಾಜೆರಡೂ ಕಣ್ಣುಗಳ ಸಮೇತ ಉದುರಿ ಅಜ್ಜನ ಕಾಲ ಬಳಿ ಬಿದ್ದವು. ಅಜ್ಜ ಬಗ್ಗಿ ಅವನ್ನು ಕಿಸೆಗೆ ಸೇರಿಸಿದರು.

ತಲೆ ಒರೆಸುತ್ತ ಬಂದ ದೀಕ್ಷಿತಾ ಮುಖದ ಎರಡು ತೂತುಗಳನ್ನು ನೋಡಿದಳು.

"ಅಜ್ಜಾ, ಕಣ್ಣು ಎಲ್ಲಿ ಹೋಯ್ತು?"

"ಗಾಳಿ ಬಂತು ಮಾರಾಯ್ತಿ. ಎಂಥ ಗಾಳಿ ಅಂತಿ, ನಾನೇ ಎರಡಡಿ ಹಾರಿದೆ."

ಅವಳು ನಗಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟಳು. "ಆ ಎಳೆಗಳೇ ಬ್ರಿಡ್ಜ್, ಅವು ಹಿಡ್ಕೊಂಡ್ರೇನೇ ಕಣ್ಣು ನಿಲ್ಲೋದು. ನಾನು ತುಂಬ ಥಿನ್ ಆಗಿ ಬಿಟ್ಟಿದ್ದೆ. ಟೀಚರ್ ಹೇಳಿದ್ರು, ನಾನು ಕೇಳ್ಲಿಲ್ಲ." ಫೋನ್ ಎತ್ತಿಕೊಂಡಳು. "ನನ್ನ ಜಾಗ ಬೇರೆಯವ್ರಿಗೆ ಕೊಡಿ ಅಂತ ಟೆಕ್ಸ್ಟ್ ಮಾಡ್ತೀನಿ."

ಅಜ್ಜನ ಬಾಯಲ್ಲಿ ಇನ್ನೂ ಒಂದು ಚಂಡಮಾರುತ ಸಿದ್ಧವಾಗಿತ್ತು. ಮೊಮ್ಮಗಳ ತಗ್ಗಿದ ತಲೆ ನೋಡಿ ಅದು ಅಲ್ಲೇ ಅಡಗಿತು. ಅಷ್ಟರಲ್ಲಿ ದೀಕ್ಷಿತಾಳ ಬೆರಳು ತೂತಿನ ಅಂಚಿನ ಮೇಲೆ ನಿಂತಿತು. ಅಂಚು ಹರಿದಿರಲಿಲ್ಲ, ನುಣ್ಣಗೆ ಕತ್ತರಿಸಿದಂತಿತ್ತು.

"ಅಜ್ಜಾ, ಗಾಳಿ ಹತ್ರ ಚಾಕು ಇತ್ತಾ?"

ಅಜ್ಜ ಕಿಸೆಯಿಂದ ಎರಡು ಗಾಜುಗಳನ್ನೂ ತೆಗೆದು ಅವಳ ಮುಂದಿಟ್ಟರು.

"ನಾನೇ ಮಗಾ. ಬಾಕಿ ಉಳಿದ ಕೆಲಸ ಅಂತ ಸವರಿಬಿಟ್ಟೆ. ನಿನ್ನ ಕೈ ಸರಿಯೇ ಇತ್ತು. ಗೂಡುದೀಪದ ಕಥೆಯೂ ಆ ಗಾಳಿಯ ಹಾಗೇ, ಕಟ್ತಾ ಇದ್ದದ್ದು ನಿನ್ನ ಅಜ್ಜಿ. ನಾನು ಮೈದಾ ಕಾಯಿಸಿ ಅಂಟು ಮಾಡಿ ಕೊಡ್ತಿದ್ದೆ. ಟೇಪ್ ಎಲ್ಲುಂಟು ಹೇಳು, ಅಂಟಿಸ್ಲಿಕ್ಕೆ ಮಾತ್ರ ನಿಜವಾಗಿ ಬರ್ತದೆ."